ಆಟಿಯಲ್ಲಿ ಬಂದ ಗಿರಾಕಿ

ಜೆಪ್ಪುವಿನ ಮೋಕ್ಷಾ ಹೆಸರು ಮಾರುತ್ತಾಳೆ ಎಂದರೆ ನಗುವವರೇ ಹೆಚ್ಚು. ನಗಲಿ ಬಿಡಿ, ನಗುವುದಕ್ಕೆ ತೆರಿಗೆ ಇಲ್ಲ. ಇಂಟರ್ನೆಟ್ಟಿನಲ್ಲಿ ಅಂಗಡಿ ತೆರೆಯುವವರಿಗೆ ಒಂದು ವಿಳಾಸ ಬೇಕು, ವಿಳಾಸಕ್ಕೊಂದು ಹೆಸರು ಬೇಕು. ಒಬ್ಬರು ನೋಂದಾಯಿಸಿದ ಹೆಸರು ಇನ್ನೊಬ್ಬರಿಗೆ ಸಿಗುವುದಿಲ್ಲ. ಮೋಕ್ಷಾ ಒಳ್ಳೊಳ್ಳೆಯ ಹೆಸರುಗಳನ್ನು ಮೊದಲೇ ಹಿಡಿದಿಟ್ಟು, ವರ್ಷ ವರ್ಷ ಶುಲ್ಕ ಕಟ್ಟಿ, ಬೇಕಾದವರು ಬಂದಾಗ ಮಾರುತ್ತಾಳೆ. ನೂರಿಪ್ಪತ್ತು ಹೆಸರು, ಒಂದು ಹಳೆಯ ಲ್ಯಾಪ್‌ಟಾಪ್, ಅಡುಗೆಮನೆಯ ಮೂಲೆಯಲ್ಲೊಂದು ಮೇಜು. ಇಷ್ಟೇ ಅವಳ ಅಂಗಡಿ. ಬೋರ್ಡಿಲ್ಲ, ಬಾಗಿಲಿಲ್ಲ. ಹಾಗಾಗಿ ಬೀದಿಯವರ ಪಾಲಿಗೆ ಅವಳು ಕೆಲಸವಿಲ್ಲದೆ ಮನೆಯಲ್ಲಿ ಕೂತವಳು.

ಗಂಡ ಮುಖೇಶನ ಪಾಲಿಗೂ ಅಷ್ಟೇ. ಕೊಡಿಯಾಲ್‌ಬೈಲಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟವನು ಅವನು. ಕಾಗದ ಹಾಕಿದರೆ ಕಾಗದ ಬರಬೇಕು, ಅದು ಅವನಿಗೆ ತಿಳಿದ ವ್ಯಾಪಾರ. ಪಕ್ಕದ ಕ್ಲಿನಿಕ್ಕಿನ ಮ್ಯಾನೇಜರ್ ಕಜೆಟನ್ ಹತ್ತಿರ ಮಾತಾಡಿ, ಕೌಂಟರಿನಲ್ಲಿ ಅವಳಿಗೊಂದು ಕುರ್ಚಿಯನ್ನೂ ಹೇಳಿಟ್ಟಿದ್ದ. ಮೂರು ವರ್ಷ ನೋಡಿಯಾಗಿತ್ತು. ಆಗಸ್ಟ್ ನಡುವೆ ಸೋಣ ತಿಂಗಳು ಬರುವುದರೊಳಗೆ ಒಂದು ಗಟ್ಟಿ ವ್ಯಾಪಾರ ಆಗದಿದ್ದರೆ ಎಲ್ಲ ಮುಚ್ಚಿ ಆ ಕುರ್ಚಿಯಲ್ಲಿ ಕೂರುತ್ತೇನೆ ಎಂದು ಅವಳೇ ಬಾಯಿಬಿಟ್ಟು ಹೇಳಿದ್ದಳು. ಹೇಳಿದ ರಾತ್ರಿಯೇ ಯಾಕಾದರೂ ಹೇಳಿದೆನೋ ಎನಿಸಿತ್ತು. ಈ ಕೆಲಸ ಅವಳಿಗೆ ಅಷ್ಟು ಇಷ್ಟ.

ವಿಚಾರಿಸುವವರಿಗೇನೂ ಬರವಿರಲಿಲ್ಲ. ದಿನಕ್ಕೆ ನಾಲ್ಕು ಮೇಲ್ ಬರುತ್ತಿತ್ತು. ನೂರರಲ್ಲಿ ತೊಂಬತ್ತು ಜನ ಹೊತ್ತು ಹೋಗದೆ ಕೇಳುವವರು, ಒಂಬತ್ತು ಜನ ಪುಕ್ಕಟೆ ಸಿಕ್ಕೀತೇ ಎನ್ನುವವರು. ಉಳಿದ ಒಬ್ಬನನ್ನು ಹುಡುಕುವುದೇ ಕಸುಬು. ಅದನ್ನು ಅವಳಿಗೆ ಕಲಿಸಿದ್ದು ಕಂಪ್ಯೂಟರ್ ಅಲ್ಲ, ತಾಯಿ ಅಮ್ಮಣಿ. ಬಂದರಿನ ಒಣಮೆಣಸಿನ ಗೋದಾಮಿನಲ್ಲಿ ಮೂವತ್ತು ವರ್ಷ ದುಡಿದು, ಈಗ ಮಗಳ ಮನೆಯಲ್ಲೇ ಇರುವ ಹೆಂಗಸು. "ಬಂದ ಕೂಡ್ಲೆ ರೇಟು ಕೇಳುವವ ತೆಗೊಳ್ಳುವುದಿಲ್ಲ. ಮೆಣಸು ಮುರಿದು ಮೂಸುವವ ಬರಿಗೈಯಲ್ಲಿ ಹೋಗುವುದಿಲ್ಲ" ಎನ್ನುತ್ತಿದ್ದಳು. ಮೋಕ್ಷಾ ಅದನ್ನೇ ತಿರುಗಿಸಿ ಮೂರು ಪ್ರಶ್ನೆ ಮಾಡಿಕೊಂಡಿದ್ದಳು. ನೀವು ಯಾರು, ಯಾವುದಕ್ಕೆ ಬೇಕು, ಯಾವಾಗ ಬೇಕು? ತೊಂಬತ್ತು ಜನ ಅಲ್ಲಿಯೇ ಮಾಯ.

ಮೊದಲ ವರ್ಷ ಈ ಪ್ರಶ್ನೆಗಳಿರಲಿಲ್ಲ. ಕಾಲೇಜು ಹುಡುಗಿ ಎಂದು ಹೇಳಿಕೊಂಡು ಬಂದವಳಿಗೆ ಕನಿಕರಪಟ್ಟು ಒಂದು ಹೆಸರನ್ನು ಮೂರು ಸಾವಿರಕ್ಕೆ ಕೊಟ್ಟುಬಿಟ್ಟಿದ್ದಳು. ಆರು ತಿಂಗಳಲ್ಲಿ ಅದೇ ಹೆಸರು ಹೊತ್ತ ಲಾರಿಗಳು ಮಂಗಳಾದೇವಿ ರಸ್ತೆಯಲ್ಲಿ ಅವಳ ಎದುರಿಗೇ ಓಡಾಡಿದವು. ಅಂದು ಬಸ್‌ಸ್ಟಾಪಿನಲ್ಲಿ ನಿಂತು ಅತ್ತಿದ್ದಳು.

ಸೋಣಕ್ಕೆ ಹಿಂದಿನ ತಿಂಗಳು ಆಟಿ. ಈ ಸಲದ ಆಟಿಯ ನಡುವೆ ಶ್ರವಣ್ ಎಂಬವನ ಮೇಲ್ ಬಂತು. ಅವಳಲ್ಲಿದ್ದ 'ಕಡಲೂಟ' ಹೆಸರು ಬೇಕಂತೆ. ಯಾರು? ವಿದ್ಯಾರ್ಥಿ. ಯಾವುದಕ್ಕೆ? ಕಾಲೇಜಿನ ಪ್ರಾಜೆಕ್ಟಿಗೆ. ಐದು ಸಾವಿರ ಕೊಡುತ್ತಾನಂತೆ. ಅಯ್ಯೋ, ಮತ್ತೆ ಅದೇ ರಾಗ ಎಂದುಕೊಂಡಳು. ಆದರೂ ಮೂರನೆಯ ಪ್ರಶ್ನೆ ಕೇಳಿದಳು. ಉತ್ತರ ಬಂತು: "ಅವಸರ ಇಲ್ಲ. ಆಗಸ್ಟ್ ಹದಿನೇಳು ದಾಟಿದ ಮೇಲೆ ವರ್ಗಾಯಿಸಿದರೆ ಸಾಕು. ಅದಕ್ಕೆ ಮೊದಲು ದಯವಿಟ್ಟು ಬೇಡ. ಬೇರೆ ಯಾರಿಗೂ ಕೊಡಬೇಡಿ."

ಮೋಕ್ಷಾ ಫ್ರಿಜ್ಜಿನ ಪಕ್ಕದ ಕ್ಯಾಲೆಂಡರ್ ನೋಡಿದಳು. ಹದಿನೇಳಕ್ಕೆ ಸೋಣ ಸಂಕ್ರಮಣ. ಆಟಿ ಕಳೆಯುವ ದಿನ. ಆಟಿಯಲ್ಲಿ ತುಳುವರು ಮದುವೆ ಮಾಡುವುದಿಲ್ಲ, ಮನೆ ಒಕ್ಕಲಾಗುವುದಿಲ್ಲ, ಹೊಸ ವ್ಯಾಪಾರಕ್ಕೆ ಕೈ ಹಾಕುವುದಿಲ್ಲ. ಆದರೆ ಆಟಿ ನೋಡಿ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಯನ್ನು ಈ ಊರು ಕಂಡದ್ದುಂಟೇ?

ತೆಂಗಿನಕಾಯಿ ತುರಿಯುತ್ತಿದ್ದ ಅಮ್ಮಣಿಗೆ ಓದಿ ಹೇಳಿದಳು. ಅಮ್ಮಣಿ ಕೈ ನಿಲ್ಲಿಸಲಿಲ್ಲ.

"ಆಟಿಗೆ ಹೆದರುವ ಹುಡುಗನ ಹಿಂದೆ ಒಂದು ಅಜ್ಜಿ ಉಂಟು. ಅಜ್ಜಿಯ ಹಿಂದೆ ದೊಡ್ಡ ಮನೆ ಉಂಟು. ಇವ ಮೆಣಸು ಮುರಿದು ಮೂಸಿದ್ದಾನೆ ಮಗಾ, ಬಿಡಬೇಡ."

ಮೋಕ್ಷಾ ಉತ್ತರ ಬರೆದಳು. "ಪ್ರಾಜೆಕ್ಟಿಗೆ ಈ ಹೆಸರು ಕೊಡುವುದಿಲ್ಲ. ವ್ಯಾಪಾರಕ್ಕಾದರೆ ಬೆಲೆ ಆರು ಲಕ್ಷ. ಸೋಣ ಹುಟ್ಟಿದ ಮೇಲೆ ವರ್ಗಾವಣೆ ನನಗೂ ಒಳ್ಳೆಯದೇ. ತೀರ್ಮಾನ ಮಾಡುವ ಹಿರಿಯರು ಫೋನ್ ಮಾಡಲಿ."

ಮುಖೇಶ್ ತಲೆಯ ಮೇಲೆ ಕೈ ಹೊತ್ತ. "ಎಂತ ಮಾರಾಯ್ತಿ ನೀನು? ಐದು ಸಾವಿರವಾದರೂ ಬರ್ತಿತ್ತು. ಈಗ ಅದೂ ಇಲ್ಲ."

ಒಂದು ದಿನ, ಎರಡು ದಿನ, ಐದು ದಿನ. ಫೋನಿಲ್ಲ, ಮೇಲಿಲ್ಲ. ಮೋಕ್ಷಾಳಿಗೆ ಊಟ ರುಚಿಸಲಿಲ್ಲ. ಐದು ಸಾವಿರಕ್ಕೆ ಒಪ್ಪಿಕೊಳ್ಳುತ್ತೇನೆ ಎಂದು ಎರಡು ಸಲ ಬರೆದು ಎರಡು ಸಲ ಅಳಿಸಿದಳು. ಕ್ಲಿನಿಕ್ಕಿನ ಕುರ್ಚಿ ಕನಸಿನಲ್ಲೂ ಬಂತು.

ಆರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಫೋನ್ ಬಂತು. ಗಂಭೀರ ಗಂಡು ದನಿ.

"ನಾನು ಚಿತ್ತರಂಜನ ಶೆಟ್ಟಿ. ಹೋಟೆಲ್ ವ್ಯಾಪಾರ ನಮ್ಮದು. ಶ್ರವಣ್ ನನ್ನ ಮಗ. ಪ್ರಾಜೆಕ್ಟ್ ಅಲ್ಲ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಆಟಿ ಹೇಳಿತು ಶೆಟ್ರೇ."

ಆ ಕಡೆ ಹೊಟ್ಟೆತುಂಬ ನಗು. "ನನ್ನ ತಾಯಿಯ ಹಟ ಅದು. ಆಟಿಯಲ್ಲಿ ಎಂತದೂ ನಮ್ಮ ಹೆಸರಿಗೆ ಬರಬಾರದು ಅಂತ. ಆಯ್ತು, ಎರಡು ಲಕ್ಷಕ್ಕೆ ಮುಗಿಸುವ."

ಎರಡು ಲಕ್ಷವೆಂದರೆ ಸಣ್ಣ ಮೊತ್ತವೇ? ಆದರೂ ಮೋಕ್ಷಾ ದನಿ ಕದಲಿಸದೆ ಕೇಳಿದಳು.

"ಹೊಸ ಹೋಟೆಲಿಗೆ 'ಕಡಲೂಟ' ಅಂತ ಬೋರ್ಡ್ ಬರೆಸಿ ಆಯ್ತಾ?"

ಶೆಟ್ಟರು ಕೆಮ್ಮಿದರು. "ಅದು... ಆಟಿ ಬರುವ ಮೊದಲೇ ಬರೆಸಿದ್ದೇವೆ. ಮೂರು ಕಡೆಗೆ."

ಕೂಸು ಹುಟ್ಟುವ ಮೊದಲೇ ಕುಲಾವಿ, ಅದೂ ಮೂರು! ಮೋಕ್ಷಾ ನಗಲಿಲ್ಲ. "ಹಾಗಾದರೆ ಆರು ಲಕ್ಷ ಸರಿಯಾಗಿಯೇ ಉಂಟು ಶೆಟ್ರೇ. ಸೋಣದ ತನಕ ಬೇರೆ ಯಾರಿಗೂ ಕೊಡುವುದಿಲ್ಲ, ನನ್ನ ಮಾತು. ಮುಂಗಡ ಮಾತ್ರ ಈಗಲೇ ಬೇಕು. ಕೊಡುವುದಕ್ಕೆ ಆಟಿ ಅಡ್ಡ ಇಲ್ಲ."

"ನಮ್ಮ ಹೋಟೆಲಿಗೆ ಬಂದು ಸೇರ್ತೀರಾ ನೀವು?" ಎಂದರು ಶೆಟ್ಟರು. ಸಂಜೆಯೊಳಗೆ ಆರು ಲಕ್ಷದ ಲೆಕ್ಕಕ್ಕೆ ಮುಂಗಡ ಬಂದಿತ್ತು.

ಸಂಕ್ರಮಣದ ಮರುದಿನ ಉಳಿದ ಹಣವೂ ಬಂತು. ಸ್ನಾನ ಮಾಡಿ, ದೀಪ ಹಚ್ಚಿ, ಮೋಕ್ಷಾ ಲ್ಯಾಪ್‌ಟಾಪಿನ ಮುಂದೆ ಕೂತು ಹೆಸರನ್ನು ಶೆಟ್ಟರಿಗೆ ವರ್ಗಾಯಿಸಿದಳು. ಹಿಂದೆ ಅಮ್ಮಣಿ ನಿಂತಿದ್ದಳು, ಅಂಗಡಿಗೆ ಹೊರಟಿದ್ದ ಮುಖೇಶನೂ ಚಪ್ಪಲಿ ಬಿಚ್ಚಿ ಒಳಗೆ ಬಂದಿದ್ದ. ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು, ಕ್ಲಿನಿಕ್ಕಿನಿಂದ. ಕಜೆಟನ್.

"ಮುಖೇಶ್, ನಿನ್ನ ಹೆಂಡತಿ ಇವತ್ತಿನಿಂದ ಬರ್ತಾರಲ್ಲ? ಕುರ್ಚಿ ಖಾಲಿ ಉಂಟು."

ಮುಖೇಶ್ ಹೆಂಡತಿಯ ಕಡೆ ನೋಡಿದ. ಅವಳು ಆಗಲೇ ಬೇರೊಂದು ಮೇಲ್ ತೆರೆದು, ಯಾರು, ಯಾವುದಕ್ಕೆ, ಯಾವಾಗ ಎಂದು ಟೈಪ್ ಮಾಡುತ್ತಿದ್ದಳು.

"ಇಲ್ಲ ಕಜೆಟನ್," ಎಂದ ಮುಖೇಶ್. "ಅವಳಿಗೆ ಕೆಲಸ ಉಂಟು."