ತಪ್ಪಿದ ಸರ್ವನಾಮ

ಹಲಸೂರಿನ ನಮ್ಮ ಬೀದಿಯ ರಾಜ್ಯೋತ್ಸವಕ್ಕೆ ಆಟೋಟದ ನಿಯಮ ಬರೆಯುವ ಕೆಲಸ ನನ್ನದು, ಕನ್ನಡ ಮೇಷ್ಟ್ರಲ್ಲವೇ. ತೊಂಬತ್ತರ ದಶಕದ ಕೊನೆಯ ಒಂದು ವರ್ಷ ಕರಪತ್ರದಲ್ಲಿ ಹೀಗೆ ಬರೆದೆ: "ಜಾತಿ, ಮತ, ಭಾಷೆಗಳ ಭೇದವಿಲ್ಲದೆ ಎಲ್ಲರಿಗೂ ಅವಕಾಶ." ಮನೆಯೊಳಗೆ ತಮಿಳು, ಅಂಗಡಿಯಲ್ಲಿ ಉರ್ದು, ನಲ್ಲಿಯ ಹತ್ತಿರದ ಜಗಳಕ್ಕೆ ಎಲ್ಲವನ್ನೂ ಬೆರೆಸುವ ಬೀದಿ ನಮ್ಮದು. "ಭಾಷೆ" ಸೇರಿಸಿದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಹೆಂಗಸರ ನಿಂಬೆಹಣ್ಣು-ಚಮಚದ ಓಟಕ್ಕೆ ಹೆಸರು ಬರೆದುಕೊಂಡು ಮೈಕಿನಲ್ಲಿ ಕೂಗುತ್ತಿದ್ದಾಗ ಅವರು ಬಂದರು. ರಾಯಚೂರಿನ ಕಡೆಯವರು, ಹಿಂದಿನ ಓಣಿಯಲ್ಲಿ ಬಾಡಿಗೆ ಕೋಣೆ ಹಿಡಿದು ರವಿಕೆ ಹೊಲಿಯುತ್ತಿದ್ದರು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುತ್ತಿದ್ದವರು. ಈಗ ಬಳಸುವ ಗೌರವದ ಪದ ಆಗ ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಬಳಸುತ್ತಿದ್ದೆ ಎಂದರೆ ಸುಳ್ಳಾಗುತ್ತದೆ.

ಮನೆಯಿಂದಲೇ ಚಮಚ ತಂದಿದ್ದರು. ಕರಪತ್ರದಲ್ಲಿ "ಎಲ್ಲರಿಗೂ" ಎಂಬಲ್ಲಿ ಬೆರಳಿಟ್ಟು, "ಹೆಂಗಸರ ಹೆಸರಿನ ಜೋಡಿ ನನ್ನ ಹೆಸರೂ ಕೂಗ್ರಿ ಸರ್. ಗೆಲ್ಲೂದೇನೂ ಬ್ಯಾಡ," ಎಂದರು.

ಸಮಿತಿಯ ಅಧ್ಯಕ್ಷರು ನನ್ನ ಮುಖ ನೋಡಿದರು. "ನಿಯಮ ನೀವೇ ಬರ್ದಿದ್ದು ಮೇಷ್ಟ್ರೇ, ನೀವೇ ಹೇಳ್ಬಿಡಿ." ಸಾಲಿನಲ್ಲಿದ್ದ, ಅವರೇ ಹೊಲಿದ ರವಿಕೆ ತೊಟ್ಟಿದ್ದ ಹೆಂಗಸೊಬ್ಬರು, "ಓಡ್ಲಿ ಬಿಡಿ ಸಾರ್, ನಮ್ಗೇನು," ಎಂದರು.

ನಾನು ಕರಪತ್ರ ಓದಿದೆ. ಜಾತಿ ಇದೆ, ಮತ ಇದೆ, ಭಾಷೆ ಇದೆ. ಹೆಣ್ಣು-ಗಂಡಿನ ಮಾತಿಲ್ಲ. ಸದ್ಯ, ಬಚಾವಾದೆ ಅನ್ನಿಸಿತು. ಗಂಡಾಗಿ ಹುಟ್ಟಿದವರ ಮೈಯ ಕಸುವು ಬೇರೆ ಇರುತ್ತದೆ, ಹೆಂಗಸರಿಗೆ ಅನ್ಯಾಯವಾಗಬಾರದು ಎಂದೂ ಸೇರಿಸಿದೆ. ದೊಡ್ಡ ಓಟಗಳಲ್ಲಿ ಅದು ಕೇಳಬೇಕಾದ ಪ್ರಶ್ನೆಯೇ ಇರಬಹುದು. ಬಾಯಲ್ಲಿ ಚಮಚ ಕಚ್ಚಿ ನಿಂಬೆಹಣ್ಣು ಬೀಳಿಸದೆ ನಡೆಯುವುದಕ್ಕೆ ಯಾವ ಕಸುವು? ಅದು ನನಗೂ ಗೊತ್ತಿತ್ತು. ಜನ ಏನೆಂದುಕೊಳ್ಳುತ್ತಾರೋ ಎಂಬ ಪುಕ್ಕಲುತನ, ಅಷ್ಟೇ. ಅಧ್ಯಕ್ಷರತ್ತ ತಿರುಗಿ ಹೇಳಿದೆ:

"ಅದನ್ನ ಹೆಂಗಸರ ಸಾಲಿಗೆ ಸೇರಿಸೋಕಾಗಲ್ಲ."

ಮೈಕ್ ಆನ್ ಆಗಿಯೇ ಇತ್ತು. "ಅದನ್ನ" ಎಂಬುದು ಬೀದಿಯ ಎರಡೂ ತುದಿಗೆ ಕೇಳಿಸಿತು. ಹಿಂದೆ ಯಾರೋ ನಕ್ಕರು. ವರ್ಷವಿಡೀ ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ ಕಲಿಸುವವನು ನಾನು. "ಅವಳು" ಎನ್ನಲು ನಾಲಿಗೆ ಏಳಲಿಲ್ಲ, ಸರಿ, "ಅವರು" ಇತ್ತಲ್ಲ. ಬಸ್ ಕಂಡಕ್ಟರಿಗೂ ಕೊಡುವ ಬಹುವಚನ, ಗಂಡೋ ಹೆಣ್ಣೋ ಎಂದು ಕೇಳದೆ ಯಾರಿಗೆ ಬೇಕಾದರೂ ಕೊಡಬಹುದಾದದ್ದು.

ಅವರು ಚಮಚವನ್ನು ಸೆರಗಿನಲ್ಲಿ ಸುತ್ತಿಕೊಂಡರು. "ಅವರನ್ನ ಅಂದಿದ್ರ ಸಾಕಿತ್ರಿ ಸರ್. ಆಮ್ಯಾಲ ಬ್ಯಾಡ ಅಂದಿದ್ರೂ ಹೋಗ್ತಿದ್ದೆ." ಮೆಲ್ಲಗೆ ಹೇಳಿದ್ದರಿಂದ ಅದು ನನಗೊಬ್ಬನಿಗೇ ಕೇಳಿಸಿತು. ನಾನು ಮುಂದಿನ ಹೆಸರು ಕೂಗಿದೆ.

"ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು" ಎಂದು ಮಕ್ಕಳಿಂದ ಕಾಪಿ ಬರೆಸುತ್ತಿದ್ದ ನಾನು ಒಂದು ವರ್ಷವಾದರೂ ಅವರ ಕ್ಷಮೆ ಕೇಳಲಿಲ್ಲ. ಎದುರಾದರೆ ಬೀದಿಯ ಆಚೆ ಬದಿಗೆ ದಾಟುತ್ತಿದ್ದೆ. ಅಷ್ಟು ನಾಚಿಕೆ, ಅಷ್ಟೇ ಹೇಡಿತನ. ಮುಂದಿನ ವರ್ಷ ನಿಯಮಕ್ಕೆ "ಲಿಂಗ" ಎಂಬ ಪದ ಸೇರಿಸಿದೆ. ಸಮಿತಿ ತಕರಾರಿಲ್ಲದೆ ಒಪ್ಪಿತು. ಕರಪತ್ರ ಅಚ್ಚಾದ ದಿನವೇ ಅವರ ಕೋಣೆಗೆ ಹೋದೆ. ಕ್ಷಮೆ ಕೇಳುವ ಬದಲು ಕರಪತ್ರ ಚಾಚಿದೆ.

ಹೊಲಿಗೆ ಮಿಷನ್ ನಿಲ್ಲಿಸಿ ಪೂರ್ತಿ ಓದಿದರು. "ಚಂದ ಬರದೀರಿ," ಎಂದರು. ಆಮೇಲೆ ಕೇಳಿದರು, "ಈ ಸಲ ಹೆಸರು ಕೂಗೋರು ಯಾರ್ರಿ?"

"ನಾನೇ," ಎಂದೆ.

"ಹಂಗಾರ ಬ್ಯಾಡ್ರಿ ಸರ್."

ಈ ಸಲ ಬೇರೆಯವರು ಕೂಗಲಿ, ನೀವು ಬನ್ನಿ ಎನ್ನಬಹುದಿತ್ತು. ಆ ಮಾತು ಹೊಳೆಯಿತು ಕೂಡ. ಮೈಕ್ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಆ ವರ್ಷವೂ ಹೆಂಗಸರ ಹೆಸರುಗಳನ್ನು ನಾನೇ ಕೂಗಿದೆ.