ವಾಮದೇವಪ್ಪನವರ ಬಿಸಿನೀರಿನ ಪರೀಕ್ಷೆ

ದಾವಣಗೆರೆಯಲ್ಲಿ ಹುಳುಕು ಹುಡುಕುವವರಿಗೆ ಎಂದೂ ಬರವಿಲ್ಲ. ಆದರೆ ಹೊಟ್ಟೆಯೊಳಗಿನ ಹುಳುವನ್ನೇ ಹುಡುಕಿಕೊಂಡು ಹೋಗಿ, ಅದರ ಹುಟ್ಟಡಗಿಸುವ ಮದ್ದನ್ನು ಹೊಲದ ಬದುವಿನ ಗಿಡಗಳಲ್ಲಿ ಶೋಧಿಸಿದವರು ಪ್ರಾಣಿಶಾಸ್ತ್ರದ ಪ್ರಾಧ್ಯಾಪಕ ಶ್ರೀ ವಾಮದೇವಪ್ಪನವರೊಬ್ಬರೇ. ನಿವೃತ್ತರಾಗುತ್ತಿರುವ ಈ ಹಿರಿಯರಿಗೆ ವಿಶೇಷಣಗಳ ಮೂಟೆ ಹೊರಿಸಬೇಕಿಲ್ಲ. ನಡೆದದ್ದನ್ನು ನಡೆದಂತೆ ಹೇಳಿದರೆ ಸಾಕು.

ಮಾಯಕೊಂಡದಲ್ಲಿ ಹುಟ್ಟಿ, ಹರಿಹರದಲ್ಲಿ ಪಾಠ ಆರಂಭಿಸಿ, ದಾವಣಗೆರೆಗೆ ಬಂದ ಅವರು ನಪಾಸಾದ ಹುಡುಗರನ್ನು ಮನೆಗೆ ಕರೆದು ಮಂಡಕ್ಕಿ ತಿನ್ನಿಸಿ ಪಾಸು ಮಾಡಿಸಿದವರು. ಮೊಟ್ಟೆಯನ್ನೂ ಮುಟ್ಟದ ಮನೆತನದ ಈ ಮೇಷ್ಟ್ರು ಕೋಳಿಯ ಕರುಳಿನಲ್ಲಿರುವ ದುಂಡುಹುಳಗಳಿಗಾಗಿ ವಿನೋಬನಗರದ ಮುನಾಫನ ಕೋಳಿ ಅಂಗಡಿಯ ಮುಂದೆ ಬೆಳ್ಳಂಬೆಳಗ್ಗೆ ನಿಲ್ಲುತ್ತಿದ್ದರು.

“ಸಾಬ್, ಜನ ನೋಡ್ತಾರೆ. ಹಿಂದಿನ ಬಾಗ್ಲಿಗೆ ಬರ್ರಿ.”

“ಯಾಕಪ್ಪಾ? ಕದಿಯಾಕೆ ಬಂದೀನೇನು? ಕರುಳು ಕೊಡು!”

ಆ ಹುಳಗಳನ್ನು ಉಪ್ಪುನೀರಿನಲ್ಲಿ ಬದುಕಿಸಿಕೊಂಡು, ಮುತ್ತುಗದ ಬೀಜದ ಸಾರದಲ್ಲಿ ಬಿಡುವುದು. ಅಲುಗಾಟ ನಿಂತರೆ ಬಿಸಿನೀರು ಸುರಿಯುವುದು. ಆಗಲೂ ಮಿಸುಕದಿದ್ದರೆ ಮಾತ್ರ ಸತ್ತಂತೆ. ಇದು ಅವರ ಕ್ರಮ.

೧೯೯೮ರಲ್ಲಿ ಹರಿಹರದ ವೈದ್ಯರ ಸಭೆಗೆ ಅವರಿಗೆ ಕರೆ ಬಂತು. “ಮುತ್ತುಗ ಹುಳಕ್ಕೆ ಮಂಪರು ಬರಿಸ್ತೈತೆ ಅಷ್ಟೆ, ಕೊಲ್ಲಲ್ಲ” ಎಂದು ಮೂಗು ಮುರಿದವರೆಲ್ಲ ಅಲ್ಲಿರುವವರೇ. ಕೊಲ್ಲುತ್ತದೆಂದು ಸಾಧಿಸಲು ಮೇಷ್ಟ್ರು ಊಟ ಬಿಟ್ಟು ತಟ್ಟೆಗಳ ಮೇಲೆ ಬಗ್ಗಿದರು.

ಅವರ ಸಹಾಯಕ ಕೊಟ್ಟೂರೇಶನಿಗೆ ಎಲ್ಲರ ದನಿಯನ್ನೂ ಅಣಕಿಸಲು ಬರುತ್ತಿತ್ತು, ಸುಮ್ಮನಿರುವುದೊಂದು ಬರುತ್ತಿರಲಿಲ್ಲ. ಅವನು ಒಂದು ಗಾಜಿನ ತಟ್ಟೆಯ ಸಾರದಲ್ಲಿ ಮನೆಯ ಶ್ಯಾವಿಗೆ ಎಳೆಗಳನ್ನು ತೇಲಿಬಿಟ್ಟ. ಮೇಷ್ಟ್ರು ಬಿಸಿನೀರು ಸುರಿದರು. ಕನ್ನಡಕಕ್ಕೆ ಹಬೆ ಕಟ್ಟಿತು.

“ಮಿಸುಕಲ್ಲ ನೋಡ್ರಿ! ಎಲ್ಲಾ ಖಲಾಸ್! ಬರ್ರಿ, ಎಲ್ರೂ ಬರ್ರಿ!”

ಸಂಶೋಧನೆಯ ವಿದ್ಯಾರ್ಥಿನಿ ರೂಪಶ್ರೀ ಬಗ್ಗಿ ನೋಡಿದಳು. “ಸಾರ್... ಸತ್ತ ಹುಳ ದಪ್ಪ ಆಗ್ತಾ ಐದಾವ್ರಿ.”

“ಹಾಲು-ಬೆಲ್ಲ ಹಾಕಿದ್ರೆ ಪಾಯಸನೂ ಆಗ್ತೈತೆ,” ಎಂದ ಕೊಟ್ಟೂರೇಶ.

ಯಾರೂ ನಗಲಿಲ್ಲ. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಸ್ಟೂಲಿನ ಮೇಲೆ ಕುಳಿತರು.

“ಸಾಯ್ಲಿ ಸಾಯ್ಲಿ ಅಂತ ನೋಡ್ತಿದ್ದೆ, ಸತ್ತಂಗೆ ಕಂಡ್ವು. ಹಂಗಾದ್ರೆ ಇಷ್ಟು ದಿನ ನಾನು ನೋಡಿದ್ದನ್ನ ಹೆಂಗೆ ನಂಬಾದು? ನಾಳೆ ತಾಯಂದ್ರು ನನ್ನ ಮಾತು ನಂಬಿ ಮಕ್ಕಳಿಗೆ ಕುಡಿಸ್ತಾರಲ್ಲೋ!”

ಅಷ್ಟೂ ಫಲಿತಾಂಶಗಳನ್ನು ಅವರೇ ಬದಿಗೊತ್ತಿದರು. ಸಭೆಗೆ ವಾರವಷ್ಟೇ ಉಳಿದಿದ್ದರೂ ಮೊದಲಿನಿಂದ ಪರೀಕ್ಷೆ ನಡೆಸಲು ಹೊಸ ಕಟ್ಟಳೆ ಹಾಕಿದರು. ಕೊಟ್ಟೂರೇಶ ತಟ್ಟೆಗಳ ಗುರುತು ಮುಚ್ಚಬೇಕು. ಯಾವುದರಲ್ಲಿ ಸಾರ, ಯಾವುದರಲ್ಲಿ ಬರೀ ಉಪ್ಪುನೀರು ಎಂದರಿಯದ ರೂಪಶ್ರೀ ತೀರ್ಪು ಹೇಳಬೇಕು. ತಾವು ಬಾಗಿಲ ಹೊರಗೆ! ಹೊರಗೆ ಅವರು ಶತಪಥ ಹಾಕಿದ ಪರಿ ಕಂಡವರು ಹೆರಿಗೆ ವಾರ್ಡೆಂದೇ ಭಾವಿಸಬೇಕಿತ್ತು.

ಗುರುತು ಬಿಚ್ಚಿದಾಗ ಉಪ್ಪುನೀರಿನವು ಹರಿದಾಡುತ್ತಿದ್ದವು. ತೆಳು ಸಾರದವು ಬಿಸಿನೀರಿಗೆ ಮಂಪರು ಕೊಡವಿಕೊಂಡು ಎದ್ದವು. ಗಟ್ಟಿ ಸಾರದವು ಏಳಲಿಲ್ಲ. ಮೂಗು ಮುರಿದವರೂ ಅರ್ಧ ಸರಿ, ಮೇಷ್ಟ್ರೂ ಅರ್ಧ ಸರಿ!

ಹರಿಹರದ ವೇದಿಕೆಯಲ್ಲಿ ಅವರು ಆ ಎರಡೂ ಅರ್ಧಗಳನ್ನು ಮುಚ್ಚುಮರೆಯಿಲ್ಲದೆ ಒಪ್ಪಿಸಿದರು. “ಕೋಳಿ ಹುಳದ ಮಾತು ಇದು, ಮಕ್ಕಳಿಗೆ ಕೊಡೋಕೆ ಇನ್ನೂ ದಾರಿ ಐತೆ” ಎಂದೂ ಎಚ್ಚರಿಸಿದರು. ಗುರುತು ಮುಚ್ಚುವ ಬುದ್ಧಿ ಎಲ್ಲಿಂದ ಬಂತೆಂದು ಹಿರಿಯ ವೈದ್ಯರೊಬ್ಬರು ಕೇಳಿದಾಗ, “ಗುರುಗಳು ಇಲ್ಲೇ ಐದಾರೆ, ಬಾರೋ, ಅವತ್ತು ಶ್ಯಾವಿಗೆ ನೋಡಿ ನಾನು ಹಿಗ್ಗಿದ್ದನ್ನ ಮಾಡಿ ತೋರ್ಸು” ಎಂದು ಕೊಟ್ಟೂರೇಶನನ್ನು ಮೇಲೆ ಎಳೆದರು.

ಪರೀಕ್ಷೆಗೆ ಕಾದಿರುವ ಗಿಡಗಳು ಇನ್ನೂ ಬೇಕಾದಷ್ಟಿವೆ; ಅವು ಮುಗಿಯುವವರೆಗಾದರೂ ಮೇಷ್ಟ್ರಿಗೆ ಆಯುಷ್ಯವೂ ಆರೋಗ್ಯವೂ ಕೂಡಿ ಬರಲಿ ಎಂಬುದು ಶಿಷ್ಯರೆಲ್ಲರ ಹಾರೈಕೆ. ಅಂದು ಹರಿಹರದ ವೇದಿಕೆಯಲ್ಲಿ ಕೊಟ್ಟೂರೇಶ ಹಬೆ ಕಟ್ಟಿದ ಕನ್ನಡಕದ ಮೇಷ್ಟ್ರಾಗಿ ಕುಣಿದಾಗ ವೈದ್ಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಧ್ವನಿವರ್ಧಕದ ಪಕ್ಕದಲ್ಲೇ ನಿಂತಿದ್ದ ವಾಮದೇವಪ್ಪನವರ ನಗು ಸಭಾಂಗಣ ದಾಟಿ ಬೀದಿಗೂ ಕೇಳಿಸಿತು.