ಲಿಂಡನ್‌ಬಾಖಿನ ಅಕ್ಕತಂಗಿಯರು

ಆಗೆಲ್ಲ ಆಸ್ಟಿನ್ ಸುತ್ತಮುತ್ತಲಿನ ನಮ್ಮಂಥ ಮನೆಗಳ ಮಕ್ಕಳಿಗೆ ಬೇಸಿಗೆ ರಜೆ ಎಂದರೆ ಎರಡೇ ದಾರಿ. ಊರಿನಿಂದ ಅಜ್ಜಿ–ತಾತ ಆರು ತಿಂಗಳ ಮಟ್ಟಿಗೆ ಬಂದರೆ ಮನೆಯಲ್ಲಿರುವುದು, ಬರದಿದ್ದರೆ ಸಮ್ಮರ್ ಕ್ಯಾಂಪಿಗೆ ಹೋಗುವುದು. ನನಗೆ ಹತ್ತು ವರ್ಷವಾದ ಬೇಸಿಗೆಯಲ್ಲಿ ಎರಡೂ ತಪ್ಪಿದವು. ಮೈಸೂರಿನಲ್ಲಿ ಅಜ್ಜಿಗೆ ಕಣ್ಣಿನ ಆಪರೇಷನ್ ಆಗಿತ್ತು. ಕ್ಯಾಂಪಿನ ಫಾರಂ ತುಂಬುವುದನ್ನು ಅಪ್ಪ ಮರೆತಿದ್ದರು.

ಅಮ್ಮ ಫಿಸಿಯೋಥೆರಪಿಸ್ಟ್. ಬಿದ್ದವರ, ಆಪರೇಷನ್ ಆದವರ ಮನೆಗಳಿಗೇ ಹೋಗಿ ವ್ಯಾಯಾಮ ಮಾಡಿಸಿ, ಅವರನ್ನು ಮತ್ತೆ ನಡೆಸುವ ಕೆಲಸ. ಆ ವರ್ಷ ಅವಳಿಗೆ ಪಶ್ಚಿಮದ ಗುಡ್ಡಗಳ ಕಡೆಯ ಹಳ್ಳಿಗಳ ರೂಟ್ ಬಿದ್ದಿತ್ತು.

"ನನ್ ಜೊತೇನೇ ಬಾ. ಪುಸ್ತಕ ಹಿಡ್ಕೊಂಡು ಒಂದ್ ಮೂಲೇಲಿ ಕೂತಿರು. ಯಾರನ್ನೂ ಪೀಡಿಸ್ಬೇಡ," ಎಂದಳು.

ನಾನು ಇಂಗ್ಲಿಷಿನಲ್ಲಿ ಸರಿ ಎಂದೆ. ಏಳನೇ ವಯಸ್ಸಿನಲ್ಲಿ ಮೈಸೂರಿನಿಂದ ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ಗೆ ಬಂದವಳು ನಾನು. ಒಂಬತ್ತಾಗುವ ಹೊತ್ತಿಗೆ ಕನ್ನಡದಲ್ಲಿ ಉತ್ತರ ಕೊಡುವುದನ್ನು ಬಿಟ್ಟಿದ್ದೆ. ಅಮ್ಮ ಕನ್ನಡದಲ್ಲಿ ಕೇಳುವುದು, ನಾನು ಇಂಗ್ಲಿಷಿನಲ್ಲಿ ಹೇಳುವುದು. ಅಮ್ಮ ಮೊದಮೊದಲು ಗದರಿದಳು, ಆಮೇಲೆ ಸುಮ್ಮನಾದಳು.

ಹಾಗೆ ಒಂದು ಮಂಗಳವಾರ ನಾವು ಲಿಂಡನ್‌ಬಾಖ್ ಎಂಬ ಊರಿಗೆ ಹೋದೆವು. ಊರು ಎಂದರೆ ನಲವತ್ತು ಮನೆ, ಒಂದೇ ಬೀದಿ. ಸುಣ್ಣದಕಲ್ಲಿನ ದಪ್ಪ ಗೋಡೆಗಳು, ತಗಡಿನ ಮಾಡು, ಮನೆಗೊಂದು ಮಳೆನೀರಿನ ತೊಟ್ಟಿ. ಮೇಲ್‌ಬಾಕ್ಸುಗಳ ಮೇಲೆಲ್ಲ ನಾಲಿಗೆ ಹೊರಳದ ಜರ್ಮನ್ ಹೆಸರುಗಳು. ಆ ಬೀದಿಯ ನಡುವಿನ ಒಂದು ಮನೆಯಲ್ಲಿ ಎಪ್ಪತ್ತಾರು ವರ್ಷದ ಫ್ರೀಡಾ ಇದ್ದರು. ಕೋಳಿಗೂಡಿನ ಹತ್ತಿರ ಜಾರಿಬಿದ್ದು ಸೊಂಟದ ಮೂಳೆ ಮುರಿದಿತ್ತು.

"ಫ್ರೀಡಾ ಆಂಟಿ ಅನ್ನು," ಎಂದು ಅಮ್ಮ ಕಿವಿಯಲ್ಲಿ ಹೇಳಿದಳು. ನಾನು ಹಾಗೇ ಕರೆದೆ. ಮುದುಕಿ ಜೋರಾಗಿ ನಕ್ಕರು.

"ನಮ್ಮಲ್ಲೂ ಹಾಗೇ ಕರೀತೀವಿ ಮಗಾ. ಟಾಂಟೆ ಅಂತೀವಿ. ಟಾಂಟೆ ಫ್ರೀಡಾ ಅನ್ನು."

ಅವರು ಮಾತಾಡಿದ್ದು ಇಂಗ್ಲಿಷೇ. ಆದರೆ ಅದೇಕೋ ನನ್ನ ನೆನಪಿನಲ್ಲಿ ಅವರು ಯಾವಾಗಲೂ ಕನ್ನಡದಲ್ಲೇ ಮಾತಾಡುತ್ತಾರೆ. ಆ ಮನೆಯ ವಾಸನೆ ಇವತ್ತೂ ಮೂಗಿನಲ್ಲಿದೆ: ಲವಂಗ, ಸೋಂಪು, ಕಾಕಂಬಿ ಹಾಕಿದ ಬಿಸ್ಕತ್ತು ಬೇಯುವ ವಾಸನೆ. ಬೆಲ್ಲದ ಪಾಕ ಕುದಿಯುವ ನಮ್ಮಜ್ಜಿಯ ಅಡುಗೆಮನೆಯಂತೆಯೇ ಇತ್ತು. ಮೊದಲ ದಿನವೇ ನಾನು ಏಳು ತಿಂದೆ. ಮುಂದಿನ ಸಲ ಅಮ್ಮ ಪ್ರತಿಯಾಗಿ ಕೋಡುಬಳೆ ಒಯ್ದಳು. ಟಾಂಟೆ ಅದನ್ನು ಕಾಫಿಯಲ್ಲಿ ಅದ್ದಿ ತಿಂದಾಗ ನಾವಿಬ್ಬರೂ ನಗು ತಡೆಯಲು ಒದ್ದಾಡಿದೆವು.

ಅಮ್ಮ ಅವರಿಗೆ ವಾರಕ್ಕೊಂದು ಗುರಿ ಇಟ್ಟಳು. ಮೊದಲ ವಾರ ವಾಕರ್ ಹಿಡಿದು ಮೇಲ್‌ಬಾಕ್ಸಿನವರೆಗೆ. ಎರಡನೇ ವಾರ ಹಳೆಯ ಅಂಗಡಿಯವರೆಗೆ. ಹೀಗೆ ಅವರ ಸೊಂಟ ಗಟ್ಟಿಯಾದಂತೆ ಊರು ನನಗೆ ಸ್ವಲ್ಪಸ್ವಲ್ಪವೇ ತೆರೆದುಕೊಂಡಿತು. ಮಡಚುವ ಕುರ್ಚಿ ಹೊತ್ತು ಹಿಂದೆ ನಡೆಯುವುದು ನನ್ನ ಕೆಲಸ. ಅವರು ದಣಿದಲ್ಲಿ ಕುರ್ಚಿ ಬಿಡಿಸಬೇಕು. ಅವರು ಕೂತಲ್ಲಿ ಕಥೆ ಶುರುವಾಗುತ್ತಿತ್ತು.

ಅಂಗಡಿಯ ಜಗಲಿಯಲ್ಲಿ ಕೂತು ಹೇಳಿದ್ದು ಊರು ಹುಟ್ಟಿದ ಕಥೆ. ಅವರ ಮುತ್ತಜ್ಜ–ಮುತ್ತಜ್ಜಿ ಹಡಗಿನಲ್ಲಿ ಗ್ಯಾಲ್ವೆಸ್ಟನ್ ಬಂದರಿಗೆ ಬಂದು, ಅಲ್ಲಿಂದ ಎತ್ತಿನಗಾಡಿಯ ಜೊತೆ ವಾರಗಟ್ಟಲೆ ನಡೆದು, ಈ ಹಳ್ಳದ ನೀರು ನೋಡಿ ನಿಂತರಂತೆ. "ಮುತ್ತಜ್ಜಿ ಇನ್ನೊಂದು ಹೆಜ್ಜೆ ಇಡಲ್ಲ ಅಂದ್ಲಂತೆ. ಊರು ಕಟ್ಟಿದ್ದು ಗಂಡಸ್ರು ಅಂತ ಊರಿನ ಫಲಕದಲ್ಲಿ ಬರ್ದಿದಾರೆ. ಕಟ್ಟಿಸಿದ್ದು ಅವಳ ಕಾಲುನೋವು."

ಮೂರನೇ ವಾರ ಒಂಬತ್ತು ಗೂಟದ ಆಟದ ಕೊಟ್ಟಿಗೆ. ಉದ್ದನೆಯ ಮರದ ನೆಲ, ತುದಿಯಲ್ಲಿ ಒಂಬತ್ತು ಮರದ ಗೂಟ, ನಡುವಿನದಕ್ಕೆ ಕೆಂಪು ತಲೆ. ಆ ಕೆಂಪು ತಲೆಯೊಂದನ್ನು ನಿಲ್ಲಿಸಿ ಉಳಿದ ಎಂಟನ್ನು ಕೆಡವಿದರೆ ಹೆಚ್ಚು ಅಂಕ. ಎರಡೂ ಕೈಯಲ್ಲಿ ಚೆಂಡು ಎತ್ತಿ ಕಾಲುಗಳ ನಡುವಿನಿಂದ ಉರುಳಿಸಿದೆ. ಎಲ್ಲ ಬಿಟ್ಟು ಕೆಂಪು ತಲೆಯೇ ಬಿತ್ತು. ಟಾಂಟೆ ವಾಕರ್ ಕುಟ್ಟಿ ಕುಟ್ಟಿ ನಕ್ಕರು.

ನಾಲ್ಕನೇ ವಾರ ಚರ್ಚು. ಹೊರಗಿನಿಂದ ಬರೀ ಬಿಳಿ ಹಲಗೆಯ ಕಟ್ಟಡ. ಒಳಗೆ ಹೋಗಿ ತಲೆಯೆತ್ತಿದರೆ ಚಾವಣಿಯೆಲ್ಲ ನೀಲಿ ಬಣ್ಣ, ಅದರ ತುಂಬ ಚಿನ್ನದ ಚುಕ್ಕಿಗಳು. ಅಮೃತಶಿಲೆ ಎಂದುಕೊಂಡು ಮುಟ್ಟಿದ ಕಂಬಗಳು ಬಣ್ಣ ಬಳಿದ ಮರ. ಬಲಗಡೆಯ ಬೆಂಚಿನಲ್ಲಿ ಒಬ್ಬ ತೆಳ್ಳನೆಯ ಮುದುಕಿ ಕೂತಿದ್ದರು. ನಮ್ಮನ್ನು ನೋಡಿದ್ದೇ ಎದ್ದು, ಚರ್ಚಿನ ಕೀಲಿಗೊಂಚಲು ಹಿಡಿದು ಹೊರಟುಹೋದರು. ಟಾಂಟೆ ಗೋಡೆ ಕಡೆ ಮುಖ ತಿರುಗಿಸಿದ್ದರು.

"ಯಾರು ಅವ್ರು?"

"ಹಸಿರು ಬಾಗಿಲಿನ ಮನೆಯವಳು."

"ಹೆಸರೇನು?"

ನಾನು ಬಿಡಿಸಿದ ಕುರ್ಚಿಯಲ್ಲಿ ಕೂತು ಹೇಳಿದರು: "ಲೀನಾ. ನನ್ನ ತಂಗಿ."

ಒಂದೇ ಬೀದಿಯಲ್ಲಿ, ಆರು ಮನೆ ಆಚೆ, ಒಡಹುಟ್ಟಿದವರು ಮೂವತ್ತು ವರ್ಷದಿಂದ ಮಾತಾಡಿರಲಿಲ್ಲ. ಕಾರಣ ಕೇಳಿದೆ. ಬೇರೆ ದೊಡ್ಡವರಾಗಿದ್ದರೆ ಹೋಗು ಆಡ್ಕೋ ಎನ್ನುತ್ತಿದ್ದರು. ಟಾಂಟೆ ಹೇಳಿದರು.

ಅವರಪ್ಪ ನನ್ನಷ್ಟೇ ವಯಸ್ಸಿನ ಹುಡುಗನಾಗಿದ್ದಾಗ ಮೊದಲನೇ ಮಹಾಯುದ್ಧ. ಜರ್ಮನಿ ಶತ್ರು ದೇಶ. ಶಾಲೆಯಲ್ಲಿ ಮನೆಮಾತು ಆಡಿದ್ದಕ್ಕೆ ಮೇಷ್ಟರು ಅಂಗೈ ಮೇಲೆ ಬಾರಿಸಿದರಂತೆ. ಹುಡುಗ ಮನೆಗೆ ಬಂದು, ತಾಯಿಯ ಜೊತೆ ಕೂಡ ಆ ಭಾಷೆ ಆಡಲಿಲ್ಲ. ಮುಂದೆ ಮದುವೆಯಾಗಿ ಇಬ್ಬರು ಹೆಣ್ಣುಮಕ್ಕಳಾದರು. ಮನೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತು ಬೇಡ ಎಂದರು. ಹುಡುಗಿಯರು ಅಜ್ಜಿಯ ಹತ್ತಿರ ಕದ್ದು ಕಲಿತರು. ಆದರೆ ಕೊನೆಗಾಲದಲ್ಲಿ ಹಾಸಿಗೆ ಹಿಡಿದ ಅಪ್ಪ ಇಂಗ್ಲಿಷನ್ನೇ ಮರೆತುಬಿಟ್ಟರು. ಎರಡು ತಿಂಗಳು ಬರೀ ಜರ್ಮನ್. ಸತ್ತ ಮೇಲೆ ಸಮಾಧಿಯ ಕಲ್ಲಿನ ಮೇಲೆ ಯಾವ ಭಾಷೆಯಲ್ಲಿ ಬರೆಸಬೇಕು?

"ಕೊನೇಲಿ ಯಾವುದು ಬಾಯಿಗೆ ಬಂತೋ ಅದೇ ಅಪ್ಪನ ಮಾತು ಅಂದೆ ನಾನು. ಜೀವನವೆಲ್ಲ ಯಾವುದನ್ನ ಬೇಕು ಅಂದ್ರೋ ಅದೇ ಅಪ್ಪನ ಮಾತು ಅಂದ್ಲು ಅವಳು. ಕಲ್ಲು ಹಾಗೇ ಇದೆ. ಹೆಸರು ಮಾತ್ರ ಇದೆ."

ಇಬ್ಬರದೂ ಸರಿ ಎಂದು ನನಗನ್ನಿಸಿತು.

ಸ್ಮಶಾನ ಊರಿನ ಕೊನೆಯ ದಿಬ್ಬದ ಮೇಲಿತ್ತು. ಅದು ಕೊನೆಯ ಗುರಿ, ಆಗಸ್ಟಿಗೆ ಎಂದು ಅಮ್ಮ ಹೇಳಿದ್ದಳು. "ಚರ್ಚ್ ದಾಟಿ ನಾನಿಲ್ದೆ ಒಂದ್ ಹೆಜ್ಜೆ ಇಡಂಗಿಲ್ಲ," ಎಂದು ಇಬ್ಬರಿಗೂ ಎರಡು ಭಾಷೆಯಲ್ಲಿ ತಾಕೀತು ಮಾಡಿದ್ದಳು. ಜುಲೈ ಕೊನೆಯ ಒಂದು ಶುಕ್ರವಾರ, ಅಮ್ಮ ಪಕ್ಕದ ಊರಿನ ಪೇಷಂಟನ್ನು ನೋಡಲು ಹೋದಾಗ, ಟಾಂಟೆ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು.

"ಇವತ್ತು ಅಪ್ಪ ಹುಟ್ಟಿದ ದಿನ. ಹೋಗಿ ಬಂದ್ಬಿಡೋಣ. ನಿಮ್ಮಮ್ಮ ಬರೋ ಮೊದ್ಲು ವಾಪಸ್."

ನಾನು ಬೇಡ ಎನ್ನಬೇಕಿತ್ತು. ಕುರ್ಚಿ ಎತ್ತಿಕೊಂಡೆ.

ಚರ್ಚು ದಾಟಿದೆವು. ಬಿಸಿಲಿಗೆ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಹಸಿರು ಬಾಗಿಲಿನ ಮನೆಯೂ ಹಿಂದಾಯಿತು. ದಿಬ್ಬದ ಏರು ಶುರುವಾಗುವಲ್ಲಿ ಟಾಂಟೆಯ ಎಡಗಾಲು ಮಡಿಚಿಕೊಂಡಿತು. ಬಿದ್ದರು ಎನ್ನುವುದಕ್ಕಿಂತ ವಾಕರ್ ಹಿಡಿದೇ ಕುಸಿದು ಹುಲ್ಲಿನ ಮೇಲೆ ಕೂತರು. ಮುಖ ಸುಣ್ಣದಂತಾಗಿತ್ತು. ನಾನು ಎತ್ತಲು ನೋಡಿದೆ, ಆಗಲಿಲ್ಲ.

"ಅಂಗಡಿಗೆ ಓಡು. ಯಾರನ್ನಾದ್ರೂ ಕರ್ಕೊಂಡು ಬಾ."

ಅಂಗಡಿ ಬೀದಿಯ ಆ ತುದಿಯಲ್ಲಿ. ನಾನು ಹಸಿರು ಬಾಗಿಲನ್ನು ನೋಡಿದೆ.

"ಅಲ್ಲಿಗೆ ಬೇಡ," ಎಂದರು ಟಾಂಟೆ.

ಓಡಿದೆ. ಹಸಿರು ಬಾಗಿಲನ್ನು ಎರಡೂ ಕೈಯಿಂದ ಬಡಿದೆ. ತೆಳ್ಳನೆಯ ಮುದುಕಿ ತೆರೆದರು. ನನ್ನ ಬಾಯಿಂದ ಬಂದದ್ದು, "ಟಾಂಟೆ ಬಿದ್ಬಿಟ್ರು! ಬೇಗ ಬನ್ನಿ, ಏಳಕ್ಕಾಗ್ತಿಲ್ಲ, ಬೇಗ ಬನ್ನಿ!"

ಒಂದು ವರ್ಷದಿಂದ ಆಡದಿದ್ದ ಮಾತು. ನಾನು ಯಾವ ಭಾಷೆಯಲ್ಲಿ ಕೂಗುತ್ತಿದ್ದೇನೆಂದು ನನಗೇ ತಿಳಿದಿರಲಿಲ್ಲ. ಲೀನಾಗೆ ಅದರಲ್ಲಿ ಅರ್ಥವಾಗಿದ್ದು ಟಾಂಟೆ ಎಂಬುದೊಂದೇ. ಅಷ್ಟೇ ಸಾಕಾಯಿತು. ಎಪ್ಪತ್ತಮೂರರ ಆ ಮುದುಕಿ ಒಳಗೋಡಿ ನೀರಿನ ಜಗ್ಗು ತಂದರು. ಶೆಡ್ಡಿನಲ್ಲಿದ್ದ ಹುಲ್ಲು ಕತ್ತರಿಸುವ ಸಣ್ಣ ಟ್ರ್ಯಾಕ್ಟರ್ ಹತ್ತಿದರು. ಅದರ ಹಿಂದೆ ಎಲೆ ತುಂಬುವ ತಗಡಿನ ಗಾಡಿ. ನಾನು ಗಾಡಿಯಲ್ಲಿ ಜಗ್ಗು ತಬ್ಬಿ ಕೂತೆ. ಟ್ರ್ಯಾಕ್ಟರ್ ನಡೆದು ಹೋಗುವವರಿಗಿಂತ ಸ್ವಲ್ಪ ಜೋರಾಗಿ ಹೊರಟಿತು.

ಟಾಂಟೆ ಫ್ರೀಡಾ ನಮ್ಮನ್ನು ನೋಡಿದರು. ಟಾಂಟೆ ಲೀನಾ ಇಂಜಿನ್ ಆಫ್ ಮಾಡಿ ಇಳಿದರು. ಇಳಿದದ್ದೇ ಶುರು. ಜರ್ಮನ್! ಜಗ್ಗಿನ ನೀರು ಕುಡಿಸುತ್ತಲೇ ಬೈದರು. ಒದ್ದೆ ಕರ್ಚೀಫಿನಿಂದ ಕತ್ತು ಒರೆಸುತ್ತಲೇ ಬೈದರು. ಟಾಂಟೆ ಫ್ರೀಡಾ ನೀರು ನುಂಗುವ ನಡುವೆಯೇ ತಿರುಗಿ ಬೈದರು. ನನಗೆ ಒಂದಕ್ಷರ ತಿಳಿಯಲಿಲ್ಲ, ಆದರೂ ಎಲ್ಲ ತಿಳಿಯಿತು. ಭಾನುವಾರ ಫೋನಿನಲ್ಲಿ ಅಮ್ಮನೂ ದೊಡ್ಡಮ್ಮನೂ ಆಡುವ ಜಗಳದ ರಾಗವೇ ಅದು: ಬಿಸಿಲಲ್ಲಿ ಯಾಕ್ ಬಂದೆ, ನಿಂಗ್ಯಾಕೆ, ಹೇಳಿದ್ ಕೇಳ್ತೀಯಾ, ನೀನ್ ಕೇಳಿದ್ಯಾ.

ನಾನೂ ಟಾಂಟೆ ಲೀನಾನೂ ಸೇರಿ ಟಾಂಟೆ ಫ್ರೀಡಾರನ್ನು ಗಾಡಿಗೆ ಹತ್ತಿಸಿದೆವು. ಟ್ರ್ಯಾಕ್ಟರ್ ಮನೆ ಕಡೆ ತಿರುಗುವ ಬದಲು ದಿಬ್ಬ ಹತ್ತಿತು.

ಅಮ್ಮ ನಮ್ಮನ್ನು ಹುಡುಕಿಕೊಂಡು ಬಂದಾಗ ಅಕ್ಕತಂಗಿಯರು ಓಕ್ ಮರದ ನೆರಳಿನಲ್ಲಿ, ಹೆಸರು ಮಾತ್ರ ಇದ್ದ ಕಲ್ಲಿನ ಮುಂದೆ ಕೂತಿದ್ದರು. ಒಬ್ಬರು ಕುರ್ಚಿಯಲ್ಲಿ, ಇನ್ನೊಬ್ಬರು ಗಾಡಿಯ ಅಂಚಿನಲ್ಲಿ. ಅಮ್ಮ ಮೊದಲು ಟಾಂಟೆಯ ಸೊಂಟ, ಮಂಡಿ, ಪಾದ ಎಲ್ಲ ಮುಟ್ಟಿ ನೋಡಿದಳು. ಸ್ನಾಯು ಹಿಡಿದುಕೊಂಡಿತ್ತು, ಅಷ್ಟೇ. ಆಮೇಲೆ ನನ್ನ ಕಡೆ ತಿರುಗಿದಳು.

"ನಿಂಗೆ ಬುದ್ಧಿ ಇದ್ಯೇನೇ? ಅವರಿಗೇನಾದ್ರೂ ಆಗಿದ್ರೆ? ನನ್ ಲೈಸೆನ್ಸ್ ಹೋಗಿದ್ರೆ?"

ನಾನು ಅತ್ತೆ. "ತಪ್ಪು ನನ್ದು, ಮಗೂನ ಬೈಬೇಡ," ಎಂದರು ಟಾಂಟೆ ಫ್ರೀಡಾ. "ಹೌದು, ಇವಳ್ದೇ," ಎಂದು ತಂಗಿ ತಕ್ಷಣ ಒಪ್ಪಿದರು.

ವಾಪಸ್ ಬರುವಾಗ ಕಾರಿನಲ್ಲಿ ಅಮ್ಮ, "ಲೀನಾ ಹೇಳಿದ್ರು, ನೀನು ಅದ್ಯಾವ್ದೋ ಭಾಷೇಲಿ ಕೂಗಿದ್ಯಂತೆ. ಏನಂದೆ?" ಎಂದಳು.

"ಗೊತ್ತಿಲ್ಲ ಅಮ್ಮ," ಎಂದೆ. ಕನ್ನಡದಲ್ಲೇ. ಅಮ್ಮ ಮುಂದಿನ ಊರಿನಲ್ಲಿ ಕಾರು ನಿಲ್ಲಿಸಿ ಪೀಚ್ ಐಸ್‌ಕ್ರೀಂ ಕೊಡಿಸಿದಳು. ಬೈದ ದಿನ ಐಸ್‌ಕ್ರೀಂ ಯಾಕೆಂದು ನನಗೆ ಆಗ ಅರ್ಥವಾಗಲಿಲ್ಲ.

ಆಗಸ್ಟಿನಲ್ಲಿ ಟಾಂಟೆ ಫ್ರೀಡಾ ದಿಬ್ಬವನ್ನು ಕೋಲು ಹಿಡಿದು ತಾವೇ ಹತ್ತಿದರು. ಒಂದು ಪಕ್ಕ ಅಮ್ಮ, ಇನ್ನೊಂದು ಪಕ್ಕ ಲೀನಾ. ಕಲ್ಲಿನ ಮೇಲೆ ಎರಡೂ ಭಾಷೆ ಇರಲಿ ಎಂದು ಅಷ್ಟರಲ್ಲಿ ಒಪ್ಪಂದವಾಗಿತ್ತು. ಆದರೆ ಮೇಲೆ ಯಾವುದು, ಕೆಳಗೆ ಯಾವುದು ಎಂಬ ಹೊಸ ಜಗಳ ಎರಡು ವಾರ ನಡೆದು, ಕಲ್ಲು ಕೆತ್ತುವವನು ರೋಸಿಹೋಗಿ, ಒಂದನ್ನು ಮುಂದೆ, ಒಂದನ್ನು ಹಿಂದೆ ಕೆತ್ತಿಕೊಟ್ಟ. ಮುಂದೆ ಇರುವುದು ತನ್ನದೇ ಎಂದು ಇಬ್ಬರೂ ಸಾಯುವವರೆಗೂ ಹೇಳಿದರು. ಮುಂದಿನ ಎಷ್ಟೋ ಬೇಸಿಗೆಗಳಲ್ಲಿ ನಾವು ಬರೀ ನೆಂಟರಂತೆ ಅಲ್ಲಿಗೆ ಹೋಗಿಬರುತ್ತಿದ್ದೆವು. ಎರಡು ಮನೆಯ ಸೌತೆಕಾಯಿ ಉಪ್ಪಿನಕಾಯಿಯನ್ನೂ ರುಚಿ ನೋಡಿ, ಎರಡು ಮನೆಯಲ್ಲೂ ಇದೇ ಚೆನ್ನಾಗಿದೆ ಎನ್ನಬೇಕಿತ್ತು.

ಈಗ ನಾನಿರುವುದು ಡಾಲಸ್ ಹತ್ತಿರದ ಕ್ಯಾರಲ್ಟನ್‌ನಲ್ಲಿ. ಬೇಳೆ, ಕರಿಬೇವು, ಮೈಸೂರಿನ ಕಾಫಿಪುಡಿ ಎಲ್ಲ ಮನೆಯಿಂದ ಐದು ನಿಮಿಷಕ್ಕೆ ಸಿಗುತ್ತದೆ. ಮಗನ ಜೊತೆ ಕನ್ನಡದಲ್ಲಿ ಮಾತಾಡುತ್ತೇನೆ. ಅವನು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ. ಗದರುವುದಿಲ್ಲ.

ಹೋದ ವಸಂತದಲ್ಲಿ ಅಮ್ಮನನ್ನು ಕರೆದುಕೊಂಡು ಲಿಂಡನ್‌ಬಾಖಿಗೆ ಹೋದೆ. ಟಾಂಟೆ ಫ್ರೀಡಾ ತೀರಿಹೋದ ಮರುವರ್ಷವೇ ತಂಗಿಯೂ ಹೋಗಿ ಈಗ ಕೆಲವು ವರ್ಷ. ಊರು ಹಾಳಾಗಿಲ್ಲ, ಹೊಸ ಬಣ್ಣ ಬಳಿದುಕೊಂಡು ಚೆಂದವೇ ಇದೆ. ಅಂಗಡಿಯಲ್ಲಿ ವೈನ್ ರುಚಿ ನೋಡಲು ಕೊಡುತ್ತಾರೆ, ಆಟದ ಕೊಟ್ಟಿಗೆಯನ್ನು ಮದುವೆಗೆ ಬಾಡಿಗೆಗೆ ಬಿಡುತ್ತಾರೆ. ಚರ್ಚಿನ ಬಾಗಿಲು ತೆರೆದುಕೊಟ್ಟ ಹುಡುಗಿ ಹಸನ್ಮುಖಿ. ಊರು ಕಟ್ಟಿದವರ ಕಥೆಯನ್ನು ಫಲಕದಲ್ಲಿದ್ದಂತೆಯೇ ಒಪ್ಪಿಸಿದಳು. ಇಲ್ಲಿ ಜರ್ಮನ್ ಮಾತಾಡುವವರು ಯಾರಾದರೂ ಇದ್ದಾರಾ ಎಂದು ಅಮ್ಮ ಕೇಳಿದಳು. ಈಗ ಯಾರೂ ಇಲ್ಲ ಎಂದಳು ಹುಡುಗಿ.

ಆ ಕಡೆಯ ಹಳೆಯ ಜರ್ಮನ್ ಮಾತನ್ನು ಯಾರೋ ಪುಣ್ಯಾತ್ಮರು ಮುದುಕರ ಬಾಯಿಂದ ರೆಕಾರ್ಡ್ ಮಾಡಿ ಇಟ್ಟಿದ್ದಾರೆ. ಮನೆಗೆ ಬಂದು ಕೂತು ಕೇಳಿದೆ. ಹತ್ತಿ ಬಿಡಿಸಿದ್ದು, ಹಂದಿ ಸಾಕಿದ್ದು, ಶಾಲೆಗೆ ನಡೆದುಹೋದದ್ದು ಎಲ್ಲವನ್ನೂ ಒಬ್ಬೊಬ್ಬರೇ ಮೈಕಿನ ಮುಂದೆ ಕೂತು ನಿಧಾನವಾಗಿ, ಮರ್ಯಾದೆಯಿಂದ ಹೇಳಿದ್ದಾರೆ. ಮಾತೇನೋ ಅದೇ. ಆದರೆ ಅದರಲ್ಲಿ ಒಬ್ಬರನ್ನೊಬ್ಬರು ಬೈಯುವವರು ಯಾರೂ ಇರಲಿಲ್ಲ.